ಮಳೆ ಬಂದ ವರ್ಷಗಳ ಹಾಳೆಗಳು

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಒಂದೇ ಒಂದು ಗಿಡದ ಬಗ್ಗೆ. ಅದೂ ನೆಲದಲ್ಲಿ ಬೆಳೆದು ನಿಂತ ಗಿಡವಲ್ಲ, ಒಣಗಿಸಿ ಹಾಳೆಗೆ ಅಂಟಿಸಿ ಬೀರುಗಳಲ್ಲಿ ಜೋಡಿಸಿಟ್ಟ ಗಿಡ. ಅದರ ವೈಜ್ಞಾನಿಕ ಹೆಸರು ಜೆರಿಯಾ ಕ್ಯಾನೆಸೆನ್ಸ್. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಅಮೆರಿಕದ ನೈಋತ್ಯದ ಮೊಹಾವಿ ಮತ್ತು ಸೊನೋರಾ ಮರುಭೂಮಿಗಳು ಇದರ ನೆಲೆ: ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಜೋನಾ, ಗಡಿ ದಾಟಿದರೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಮತ್ತು ಸೊನೋರಾ ರಾಜ್ಯಗಳು. ಅಲ್ಲಿಯವರು ಇದನ್ನು ಡೆಸರ್ಟ್ ಗೋಲ್ಡ್ ಎಂದು ಕರೆಯುತ್ತಾರೆ. ಮೊಳಕೆಯೊಡೆದು ಬೀಜ ಉದುರಿಸುವವರೆಗಿನ ಬಾಳು ಕೆಲವೇ ತಿಂಗಳು. ಒಳ್ಳೆಯ ಮಳೆಯಾದರೆ ಮೊಣಕಾಲಿನೆತ್ತರಕ್ಕೆ ಬೆಳೆದು ಮೈತುಂಬ ಹಳದಿ ಹೂ ಬಿಡುತ್ತದೆ. ಮಳೆ ಕಡಿಮೆಯಾದರೆ ಗೇಣುದ್ದವೂ ಇಲ್ಲದ ಕಡ್ಡಿಯ ತುದಿಗೆ ಒಂದು ಹೂ ಬಿಟ್ಟು ಮುಗಿಸುತ್ತದೆ. ಮಳೆಯೇ ಇಲ್ಲದಿದ್ದರೆ ನೆಲದ ಮೇಲೆ ಅದರ ಸುಳಿವೇ ಇರುವುದಿಲ್ಲ.

1998, 2005 ಮತ್ತು 2016ರಲ್ಲಿ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಎಂಬ ಮರುಭೂಮಿ ಕಣಿವೆಯ ತಳ ಹಳದಿಯಾಗಿ ಹೋಗಿತ್ತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದ ಆ ಚಿತ್ರಗಳಲ್ಲಿ ಕಾಣುವ ಹಳದಿಯ ಬಹುಪಾಲು ಇದೇ ಗಿಡದ್ದು. ಆ ಚಿತ್ರ ನೋಡಿದವರು ಸಹಜವಾಗಿ ಕೇಳುವ ಪ್ರಶ್ನೆ ಒಂದಿದೆ: ಈ ಹೂವು ಈಗ ಹೆಚ್ಚಾಗುತ್ತಿದೆಯೋ, ಕಡಿಮೆಯಾಗುತ್ತಿದೆಯೋ? ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಸಸ್ಯವಿಜ್ಞಾನಿಗಳು ಇದನ್ನು ಕಿತ್ತು ಒಣಗಿಸಿ ಇಟ್ಟಿದ್ದಾರಲ್ಲ, ಆ ಹಾಳೆಗಳನ್ನು ವರ್ಷವಾರು ಎಣಿಸಿದರೆ ಉತ್ತರ ಸಿಗುವುದಿಲ್ಲವೇ?

ಎಣಿಸಿದರೆ ಉತ್ತರ ಸಿಗುವುದಿಲ್ಲ, ಓದಿದರೆ ಸಿಗುತ್ತದೆ ಎಂಬುದೇ ಇವತ್ತಿನ ನನ್ನ ವಾದ. ಒಂದೇ ಋತುವಿನಲ್ಲಿ ಬಾಳು ಮುಗಿಸುವ ಮರುಭೂಮಿಯ ಏಕವರ್ಷಿ ಗಿಡದ ದಾಖಲೆಯಲ್ಲಿ ಹಾಳೆಯಿರುವ ವರ್ಷಗಳಷ್ಟೇ ಹಾಳೆಯಿಲ್ಲದ ವರ್ಷಗಳೂ ಮುಖ್ಯ. ಒಂದೊಂದು ಖಾಲಿ ವರ್ಷಕ್ಕೂ ಅದರದೇ ಕಾರಣವಿರುತ್ತದೆ. ಆ ಕಾರಣ ಹುಡುಕದೆ ‘ಗಿಡ ಕಡಿಮೆಯಾಯಿತು’ ಎಂದು ಬರೆದುಬಿಡುವುದು ದೊಡ್ಡ ತಪ್ಪು.

ಮೊದಲು ಹಾಳೆ ಎಂದರೇನು ಎಂದು ಹೇಳಿಬಿಡುತ್ತೇನೆ. ಗಿಡವನ್ನು ಬೇರುಸಮೇತ ಕಿತ್ತು, ಕಾಗದಗಳ ನಡುವೆ ಹರಡಿ, ಮರದ ಒತ್ತುಪಟ್ಟಿಯಲ್ಲಿ ಬಿಗಿದು ಒಣಗಿಸುತ್ತಾರೆ. ಒಣಗಿದ ಮೇಲೆ ಗಟ್ಟಿ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಒಂದು ಚೀಟಿ ಹಚ್ಚುತ್ತಾರೆ. ಯಾರು ತಂದರು, ಅವರ ಸಂಗ್ರಹ ಸಂಖ್ಯೆ ಎಷ್ಟು, ಯಾವ ದಿನ, ಯಾವ ಜಾಗ, ಎಷ್ಟು ಎತ್ತರ, ಮಣ್ಣು ಎಂಥದು, ಅಕ್ಕಪಕ್ಕ ಯಾವ ಗಿಡಗಳಿದ್ದವು ಎಂಬ ವಿವರವೆಲ್ಲ ಆ ಚೀಟಿಯಲ್ಲಿರುತ್ತದೆ. ಉದುರಿದ ಬೀಜ, ಎಸಳುಗಳನ್ನು ಪುಟ್ಟ ಕಾಗದದ ಲಕೋಟೆಯಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸುತ್ತಾರೆ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಲೂಕಾ ಗಿನಿ ಎಂಬ ಪ್ರಾಧ್ಯಾಪಕ ಈ ಪದ್ಧತಿಯನ್ನು ಬಳಕೆಗೆ ತಂದ ಎನ್ನುತ್ತಾರೆ. ಆಗ ಹಾಳೆಗಳನ್ನು ಪುಸ್ತಕದಂತೆ ಹೊಲಿಯುತ್ತಿದ್ದರು. ಬಿಡಿ ಹಾಳೆಗಳಾಗಿ ಇಟ್ಟರೆ ಬೇಕಾದಾಗ ಜಾಗ ಬದಲಿಸಬಹುದು ಎಂದು ಕಂಡುಕೊಂಡವರಲ್ಲಿ ಲಿನೇಯಸ್ ಮುಖ್ಯ. ಇಂಥ ಹಾಳೆಗಳ ಸಂಗ್ರಹಾಲಯಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಇವತ್ತು ಜಗತ್ತಿನಲ್ಲಿ ಸುಮಾರು 3,500 ಹರ್ಬೇರಿಯಂಗಳಿವೆ. ಅವುಗಳಲ್ಲಿ 39 ಕೋಟಿಗೂ ಹೆಚ್ಚು ಮಾದರಿಗಳಿವೆ. ಹುಳ ತಿನ್ನಬಾರದೆಂದು ಹಿಂದೆ ಪಾದರಸದ ಕ್ಲೋರೈಡ್ ಎಂಬ ವಿಷ ಹಚ್ಚುತ್ತಿದ್ದರಾದ್ದರಿಂದ ಹಳೆಯ ಹಾಳೆಗಳನ್ನು ಈಗಲೂ ಕೈಗವಸು ಹಾಕಿಕೊಂಡೇ ಮುಟ್ಟುತ್ತಾರೆ.

ಈಗ ಗಿಡಕ್ಕೆ ಬರೋಣ. ಇದರ ಬೀಜ ಮಳೆಗೆ ಹೇಗೆ ಸ್ಪಂದಿಸುತ್ತದೆ ಎಂಬುದು ಗೊತ್ತಿಲ್ಲದೆ ಹಾಳೆಗಳನ್ನು ಓದಲಾಗದು. 1940ರ ದಶಕದಲ್ಲಿ ಫ್ರಿಟ್ಸ್ ವೆಂಟ್ ಎಂಬ ಸಸ್ಯ ಶರೀರವಿಜ್ಞಾನಿ ಜೋಶುವಾ ಟ್ರೀ ಪ್ರದೇಶದ ಮಣ್ಣನ್ನು ಕ್ಯಾಲಿಫೋರ್ನಿಯಾದ ತಮ್ಮ ಪ್ರಯೋಗಾಲಯಕ್ಕೆ ತಂದು ನೀರು ಹನಿಸಿ ನೋಡಿದರು. ಮೇಲಿನಿಂದ ಮಳೆಯಂತೆ ಸುರಿದಾಗ ಮೊಳಕೆ ಬಂತು. ಅದೇ ಮಣ್ಣನ್ನು ಅಡಿಯಿಂದ ನೆನೆಸಿದರೆ ಬರಲಿಲ್ಲ. ಮಣ್ಣಿನ ಲವಣಗಳನ್ನೂ ಬೀಜದ ಸಿಪ್ಪೆಯಲ್ಲಿರುವ ಮೊಳಕೆ ತಡೆಯುವ ಪದಾರ್ಥಗಳನ್ನೂ ತೊಳೆದು ಕೆಳಕ್ಕೆ ಇಳಿಸುವಷ್ಟು ನೀರು ಸುರಿಯಬೇಕು ಎಂದು ಅವರು ವಿವರಿಸಿದರು. ಮುಂದೆ ಜಾನಿಸ್ ಬೀಟ್ಲಿ ಎಂಬ ಸಸ್ಯವಿಜ್ಞಾನಿ ನೆವಾಡಾದ ಅಣು ಪರೀಕ್ಷಾ ನೆಲೆಯಲ್ಲಿ, ಸಾಮಾನ್ಯರಿಗೆ ಪ್ರವೇಶವೇ ಇಲ್ಲದ ಜಾಗದಲ್ಲಿ, ವರ್ಷಾನುಗಟ್ಟಲೆ ಗಿಡಗಳನ್ನೂ ಮಳೆಯನ್ನೂ ಅಳೆದರು. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಆರಂಭದೊಳಗೆ ಸುಮಾರು 25 ಮಿಲಿಮೀಟರ್ ಮಳೆ ಬಿದ್ದರೆ ಚಳಿಗಾಲದ ಏಕವರ್ಷಿಗಳು ಸಾಮೂಹಿಕವಾಗಿ ಮೊಳೆಯುತ್ತವೆ ಎಂದು 1974ರಲ್ಲಿ ಪ್ರಕಟಿಸಿದರು. ಬೀಟ್ಲಿಯವರ ಕೆಲಸದ ಬಗ್ಗೆ ನನಗೆ ಅಪಾರ ಗೌರವ. ಹೂವಿಲ್ಲದ ವರ್ಷವೂ ಅದೇ ಜಾಗಗಳಿಗೆ ಹೋಗಿ ‘ಇಲ್ಲ’ ಎಂದು ಬರೆದಿಟ್ಟವರು ಅವರು. ಹರ್ಬೇರಿಯಂ ಹಾಳೆ ಕೊಡಲಾರದ ಸಾಕ್ಷ್ಯ ಅದು.

ಇನ್ನೊಂದು ಸಂಗತಿ. ಒಳ್ಳೆಯ ಮಳೆ ಬಂದರೂ ಎಲ್ಲ ಬೀಜಗಳೂ ಏಳುವುದಿಲ್ಲ. ಮೊದಲ ಮಳೆಯನ್ನೇ ನಂಬಿ ಕಣಜ ಬರಿದು ಮಾಡದ ರೈತನ ಹಾಗೆ, ಈ ಗಿಡಗಳು ಬೀಜದ ಒಂದು ಪಾಲನ್ನು ಮಣ್ಣಿನಲ್ಲಿ ಉಳಿಸಿಕೊಳ್ಳುತ್ತವೆ. ಮೊಳೆತದ್ದೆಲ್ಲ ಒಣಗಿ ಸತ್ತರೂ ವಂಶ ಉಳಿಯುತ್ತದೆ. ಇದರ ಗಣಿತವನ್ನು 1966ರಲ್ಲಿ ಡ್ಯಾನ್ ಕೊಹೆನ್ ಎಂಬ ವಿಜ್ಞಾನಿ ಬರೆದರು. ಅರಿಜೋನಾದ ಟೂಸಾನ್ ಬಳಿಯ ಟುಮಾಮಾಕ್ ಬೆಟ್ಟದಲ್ಲಿ ಲಾರೆನ್ಸ್ ವೆನಬಲ್ ಮತ್ತು ಸಂಗಡಿಗರು 1982ರಿಂದ ವರ್ಷ ವರ್ಷವೂ ಮರುಭೂಮಿಯ ಏಕವರ್ಷಿ ಗಿಡಗಳನ್ನು ಎಣಿಸಿ, ಇಳುವರಿ ಹೆಚ್ಚು ಏರುಪೇರಾಗುವ ಜಾತಿಗಳೇ ಬೀಜವನ್ನು ಹೆಚ್ಚು ಕಾಯ್ದಿಡುತ್ತವೆ ಎಂದು ತೋರಿಸಿದರು. ಅಂದರೆ ಮರುಭೂಮಿಯಲ್ಲಿ ಇಂಥ ಗಿಡದ ಸಂತತಿಯ ದೊಡ್ಡ ಭಾಗ ಯಾವಾಗಲೂ ಮಣ್ಣಿನೊಳಗೆ ಇರುತ್ತದೆ. ಹರ್ಬೇರಿಯಂ ಹಾಳೆಗೆ ಬರುವುದು ಮೇಲೆದ್ದು ಹೂಬಿಟ್ಟ ಪಾಲು ಮಾತ್ರ.

ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ ವರ್ಷದ ಸರಾಸರಿ ಮಳೆ ಸುಮಾರು 50 ಮಿಲಿಮೀಟರ್. 2004–05ರ ಮಳೆ ವರ್ಷದಲ್ಲಿ 150ಕ್ಕೂ ಹೆಚ್ಚು ಬಿತ್ತು. 2015ರ ಅಕ್ಟೋಬರ್‌ನಲ್ಲಿ ಅದೇ ಕಣಿವೆಯ ಉತ್ತರದಲ್ಲಿ ಪ್ರವಾಹ ಬಂದು ಸ್ಕಾಟೀಸ್ ಕ್ಯಾಸಲ್ ಎಂಬ ಪ್ರವಾಸಿ ತಾಣವೇ ಹಾಳಾಯಿತು. ಮುಂದಿನ ಫೆಬ್ರವರಿ, ಮಾರ್ಚ್‌ನಲ್ಲಿ ಕಣಿವೆ ಹೂಬಿಟ್ಟಿತು. ಅಂಥ ವರ್ಷ ಸಂಗ್ರಾಹಕರೂ ಮರುಭೂಮಿಗೆ ಧಾವಿಸುತ್ತಾರೆ. ಹೀಗಾಗಿ ಮಳೆ ಹಾಳೆಗಳ ಸಂಖ್ಯೆಯನ್ನು ಎರಡು ದಾರಿಯಿಂದ ಏರಿಸುತ್ತದೆ: ಗಿಡಗಳೂ ಹೆಚ್ಚು, ಕೀಳುವ ಕೈಗಳೂ ಹೆಚ್ಚು. ಇವೆರಡನ್ನೂ ಬೇರೆ ಬೇರೆ ಮಾಡಲು ಒಂದು ಉಪಾಯವಿದೆ. ಅದೇ ವರ್ಷ, ಅದೇ ಪ್ರದೇಶದಲ್ಲಿ ಮಳೆಯನ್ನು ಅಷ್ಟಾಗಿ ನೆಚ್ಚಿಕೊಳ್ಳದ ಬಹುವಾರ್ಷಿಕ ಪೊದೆಗಳ ಎಷ್ಟು ಹಾಳೆಗಳು ಬಂದಿವೆ ಎಂದು ನೋಡುವುದು. ಅಂಥ ಪೊದೆಯಾದ ಕ್ರಿಯೊಸೋಟ್‌ನ ಹಾಳೆಗಳೂ ಇಲ್ಲದಿದ್ದರೆ ಆ ವರ್ಷ ಅಲ್ಲಿಗೆ ಯಾರೂ ಹೋಗಿರಲಿಲ್ಲ ಎಂದು ತಿಳಿಯಬೇಕು. ಪೊದೆಯ ಹಾಳೆಗಳಿದ್ದು ಜೆರಿಯಾ ಮಾತ್ರ ಇಲ್ಲದಿದ್ದರೆ ಆಗ ಗಿಡದ ಕಡೆ ಅನುಮಾನ ತಿರುಗಿಸಬಹುದು.

ಯಾರು, ಯಾವಾಗ, ಎಲ್ಲಿಗೆ ಹೋದರು ಎಂಬ ಕಥೆಯೇ ಒಂದು ದೊಡ್ಡ ಅಧ್ಯಾಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಜಾನ್ ಫ್ರೀಮಾಂಟ್ ಎಂಬ ಅನ್ವೇಷಕ 1844ರ ವಸಂತದಲ್ಲಿ ಮೊಹಾವಿ ನದಿಯ ಗುಂಟ ಗಿಡಗಳನ್ನು ಸಂಗ್ರಹಿಸುತ್ತ ಬಂದ. ಮರಳುವ ದಾರಿಯಲ್ಲಿ ಕಾನ್ಸಾಸ್ ನದಿಯ ನೆರೆ ಆ ಸಂಗ್ರಹದ ದೊಡ್ಡ ಭಾಗವನ್ನು ಹಾಳುಮಾಡಿತು. ಉಳಿದದ್ದನ್ನು ಸಸ್ಯವಿಜ್ಞಾನಿ ಜಾನ್ ಟೊರಿ ಪರಿಶೀಲಿಸಿದರು. 1847ರಲ್ಲಿ ಟೊರಿ ಮತ್ತು ಏಸಾ ಗ್ರೇ ಇಬ್ಬರೂ ಸೇರಿ ನಮ್ಮ ಗಿಡಕ್ಕೆ ಜೆರಿಯಾ ಎಂಬ ಕುಲನಾಮ ಕೊಟ್ಟರು. ಆಮೇಲೆ ಅದನ್ನು ಎನ್ಸೀಲಿಯಾ ಕುಲಕ್ಕೆ ಸೇರಿಸಿದ್ದೂ ಉಂಟು. ಹಾಗಾಗಿ ಹಳೆಯ ಹಾಳೆಗಳನ್ನು ಹುಡುಕುವವರು ಎನ್ಸೀಲಿಯಾ ಎರಿಯೊಸೆಫಾಲಾ ಎಂಬ ಹೆಸರನ್ನೂ ಹುಡುಕಬೇಕು. ಇಲ್ಲದಿದ್ದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಗಿಡವೇ ಇರಲಿಲ್ಲವೇನೋ ಎನ್ನಿಸಿಬಿಡುತ್ತದೆ.

ಸದರ್ನ್ ಪೆಸಿಫಿಕ್ ರೈಲು 1877ರಲ್ಲಿ ಕಾಲರಾಡೊ ನದಿಯ ದಂಡೆಯ ಯೂಮಾ ತಲುಪಿತು. ಉತ್ತರದ ಹಳಿ 1883ರಲ್ಲಿ ನೀಡಲ್ಸ್ ಮೂಲಕ ಮೊಹಾವಿಯನ್ನು ದಾಟಿತು. ಆ ಕಾಲದ ಹಾಳೆಗಳ ಜಾಗಗಳನ್ನು ನಕ್ಷೆಯ ಮೇಲೆ ಚುಕ್ಕಿಯಿಟ್ಟರೆ ಚುಕ್ಕಿಗಳು ರೈಲು ನಿಲ್ದಾಣಗಳ ಸುತ್ತ ಗುಂಪುಗೂಡುತ್ತವೆ. ಮುಂದೆ ಮೋಟಾರು ರಸ್ತೆಗಳು ಬಂದಾಗ ಚುಕ್ಕಿಗಳು ರಸ್ತೆಬದಿಗೆ ಸರಿಯುತ್ತವೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಮರುಭೂಮಿಯ ವಿಶಾಲ ಭಾಗಗಳು ಸೇನೆಯ ಗುಂಡಿನ ಅಭ್ಯಾಸಕ್ಕೆ ಹೋದವು. 1940ರಲ್ಲಿ ಫೋರ್ಟ್ ಅರ್ವಿನ್, 1943ರಲ್ಲಿ ಚೈನಾ ಲೇಕ್. ಅಲ್ಲೆಲ್ಲ ಸಂಗ್ರಾಹಕರ ಓಡಾಟ ಕಷ್ಟವಾಯಿತು. ನಕ್ಷೆಯ ಆ ಭಾಗಗಳಲ್ಲಿ ಚುಕ್ಕಿ ವಿರಳವಾಗಿದ್ದರೆ ಹೂವು ವಿರಳ ಎಂದು ಅರ್ಥವಲ್ಲ.

ಜಾಗದ ಹೆಸರುಗಳೂ ಕಾಡುತ್ತವೆ. ‘ಕಾಲರಾಡೊ ಮರುಭೂಮಿ’ ಎಂದಷ್ಟೇ ಬರೆದ ಚೀಟಿಗಳಿವೆ. ‘ಸ್ಯಾನ್ ಬರ್ನಾರ್ಡಿನೊ ಕೌಂಟಿ’ ಎಂದಷ್ಟೇ ಬರೆದವೂ ಇವೆ. ಆ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ವಿಸ್ತೀರ್ಣ ಸುಮಾರು 52,000 ಚದರ ಕಿಲೋಮೀಟರ್. ಕೌಂಟಿಗಳ ಗಡಿಯೂ ಬದಲಾಗಿದೆ. ರಿವರ್‌ಸೈಡ್ ಕೌಂಟಿ ಹುಟ್ಟಿದ್ದು 1893ರಲ್ಲಿ, ಇಂಪೀರಿಯಲ್ ಕೌಂಟಿ 1907ರಲ್ಲಿ. ಅದಕ್ಕೂ ಮುಂಚಿನ ಚೀಟಿಯಲ್ಲಿ ‘ಸ್ಯಾನ್ ಡಿಯಾಗೊ ಕೌಂಟಿ, ಮರುಭೂಮಿ’ ಎಂದಿದ್ದರೆ ಆ ಜಾಗ ಇವತ್ತು ಇಂಪೀರಿಯಲ್‌ನಲ್ಲಿರಬಹುದು. ಗಣಕಕ್ಕೆ ಏರಿಸುವಾಗ ಇದನ್ನು ಗಮನಿಸದಿದ್ದರೆ ಮರುಭೂಮಿಯ ಗಿಡ ಕರಾವಳಿಯ ಹತ್ತಿರ ಹೋಗಿ ಕೂರುತ್ತದೆ. ಇನ್ನು ಕೆಲವು ಜಾಗಗಳಂತೂ ಈಗ ನೀರಿನಡಿ ಇವೆ. 1905ರಿಂದ 1907ರವರೆಗೆ ಕಾಲರಾಡೊ ನದಿ ಕಾಲುವೆಯ ಒಡ್ಡು ಒಡೆದು ಸಾಲ್ಟನ್ ತಗ್ಗಿಗೆ ನುಗ್ಗಿ ಸಾಲ್ಟನ್ ಸೀ ಎಂಬ ಸರೋವರವಾಯಿತು. ಅಲ್ಲಿದ್ದ ಉಪ್ಪಿನ ಕಾರ್ಖಾನೆ, ರೈಲು ನಿಲ್ದಾಣ ಎಲ್ಲ ಮುಳುಗಿದವು. ಅದಕ್ಕೂ ಹಿಂದೆ ಆ ತಗ್ಗಿನಿಂದ ತಂದ ಯಾವುದೇ ಹಾಳೆಯ ಜಾಗಕ್ಕೆ ಇವತ್ತು ಹಿಂತಿರುಗಿ ‘ಗಿಡ ಇದೆಯೇ’ ಎಂದು ನೋಡುವಂತಿಲ್ಲ. ಆ ನೆಲದಲ್ಲಿ ಏನೇನಿತ್ತು ಎಂಬುದಕ್ಕೆ ಉಳಿದಿರುವ ದೊಡ್ಡ ಆಧಾರ ಆ ಹಾಳೆಗಳೇ.

ಬೆಂಕಿಯ ವಿಷಯ ಹೇಳಲೇಬೇಕು. 1891ರಲ್ಲಿ ಅಮೆರಿಕದ ಕೃಷಿ ಇಲಾಖೆ ಡೆತ್ ವ್ಯಾಲಿಗೆ ಒಂದು ವೈಜ್ಞಾನಿಕ ತಂಡ ಕಳುಹಿಸಿತು. ಸಸ್ಯಗಳ ಹೊಣೆ ಫ್ರೆಡರಿಕ್ ಕೋವಿಲ್ ಎಂಬ ಯುವಕನದು, ಸಹಾಯಕ ಫ್ರೆಡರಿಕ್ ಫನ್‌ಸ್ಟನ್. ಕೋವಿಲ್ ಬರೆದ ವರದಿ 1893ರಲ್ಲಿ ಬಂತು. ಆ ಕಣಿವೆಯ ಸಸ್ಯಗಳ ಬಗ್ಗೆ ಅದು ಇವತ್ತಿಗೂ ಬುನಾದಿ. ಫನ್‌ಸ್ಟನ್ ಮುಂದೆ ಸೇನೆ ಸೇರಿ ದಂಡನಾಯಕನಾದ. 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪಕ್ಕೆ ನಲುಗಿ ಹೊತ್ತಿ ಉರಿದಾಗ ಅಲ್ಲಿನ ಸೇನೆಯ ಹೊಣೆ ಇದ್ದದ್ದು ಅವನ ಮೇಲೆ. ಅದೇ ದಿನ ಮಾರ್ಕೆಟ್ ಸ್ಟ್ರೀಟ್‌ನ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಡದಲ್ಲಿ ಆಲಿಸ್ ಈಸ್ಟ್‌ವುಡ್ ಎಂಬ ಸಸ್ಯವಿಜ್ಞಾನಿ ಕುಸಿದ ಮೆಟ್ಟಿಲುಗಳ ಕಂಬಿ ಹಿಡಿದು ಆರನೆಯ ಮಹಡಿಗೆ ಹತ್ತಿದರು. ಬೆಂಕಿ ಹತ್ತಿರ ಬರುತ್ತಿತ್ತು. ಸುಮಾರು 1,500 ಮಾದರಿಗಳನ್ನು ಅವರು ಕೆಳಗಿಳಿಸಿ ಉಳಿಸಿಕೊಂಡರು. ಉಳಿಸಿದ್ದು ಜಾತಿಯೊಂದನ್ನು ಮೊದಲು ವರ್ಣಿಸುವಾಗ ಆಧಾರವಾಗಿಟ್ಟುಕೊಂಡ ಮೂಲ ಮಾದರಿಗಳನ್ನು. ಅಷ್ಟು ಬೇಗ ಕೈಗೆ ಸಿಕ್ಕಿದ್ದಕ್ಕೆ ಕಾರಣವೂ ಇದೆ: ಆಗಿನ ರೂಢಿಗೆ ವಿರುದ್ಧವಾಗಿ ಅವನ್ನು ಈಸ್ಟ್‌ವುಡ್ ಮೊದಲೇ ಬೇರೆ ಬೀರುವಿನಲ್ಲಿ ಇಟ್ಟಿದ್ದರು. ಮಿಕ್ಕ ಹಾಳೆಗಳು ಬಹುಪಾಲು ಸುಟ್ಟುಹೋದವು. ಆಮೇಲೆ ಅವರು ಮರುಭೂಮಿಯೂ ಸೇರಿದಂತೆ ಪಶ್ಚಿಮದ ಉದ್ದಗಲಕ್ಕೂ ತಿರುಗಿ, 1949ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ನಿವೃತ್ತರಾಗುವವರೆಗೆ ಸಂಗ್ರಹವನ್ನು ಮತ್ತೆ ಕಟ್ಟಿದರು. ಹೀಗೆ ಒಂದು ಸಂಸ್ಥೆಯ ಸಾಲಿನಲ್ಲಿ 1906ಕ್ಕಿಂತ ಮೊದಲು ಹಾಳೆಗಳೇ ಇಲ್ಲದಿದ್ದರೆ ಅದಕ್ಕೆ ಕಾರಣ ಮಳೆಯೂ ಅಲ್ಲ, ಗಿಡವೂ ಅಲ್ಲ.

ಸುಟ್ಟ ಹಾಳೆಯ ಮಾಹಿತಿ ಕೆಲವೊಮ್ಮೆ ಬೇರೆಡೆ ಬದುಕಿರುತ್ತದೆ. ಸಂಗ್ರಾಹಕರು ಒಂದೇ ಜಾಗದಿಂದ ಒಂದೇ ದಿನ ಹಲವು ಗಿಡ ಕಿತ್ತು, ಒಂದೇ ಸಂಖ್ಯೆ ಕೊಟ್ಟು, ಬೇರೆ ಬೇರೆ ಹರ್ಬೇರಿಯಂಗಳಿಗೆ ಕಳುಹಿಸುತ್ತಾರೆ. ಈ ಪದ್ಧತಿ ಎಷ್ಟೋ ದಾಖಲೆಗಳನ್ನು ಕಾಪಾಡಿದೆ. ಆದರೆ ಎಣಿಸುವಾಗ ಇದೇ ತೊಂದರೆಯಾಗುತ್ತದೆ. ಬರ್ಕ್ಲಿ, ಹಾರ್ವರ್ಡ್, ನ್ಯೂಯಾರ್ಕ್, ವಾಷಿಂಗ್ಟನ್‌ಗಳಲ್ಲಿರುವ ನಾಲ್ಕು ಹಾಳೆಗಳು ಒಂದೇ ಬೆಳಗಿನ ಒಂದೇ ಬಯಲಿನ ಗಿಡಗಳಾಗಿದ್ದರೆ ಅವನ್ನು ನಾಲ್ಕು ಎಂದು ಲೆಕ್ಕ ಹಾಕಬಾರದು. ಸಂಗ್ರಾಹಕರ ಹೆಸರು, ಸಂಖ್ಯೆ, ದಿನಾಂಕ ಮೂರನ್ನೂ ಹೋಲಿಸಿ ಒಂದಾಗಿಸಬೇಕು. ಬೇಸರದ ಕೆಲಸ, ಆದರೆ ಇದನ್ನು ಮಾಡದ ಯಾವ ಲೆಕ್ಕವನ್ನೂ ನಾನು ನಂಬುವುದಿಲ್ಲ.

ಹೂಬಿಡುವ ಕಾಲ ಬದಲಾಗಿದೆಯೇ ಎಂಬ ಪ್ರಶ್ನೆಗೂ ಹಾಳೆಗಳನ್ನು ಬಳಸುತ್ತಾರೆ. ತಂಪು ನಾಡುಗಳಲ್ಲಿ ವಸಂತದ ಬಿಸಿ ಬೇಗ ಬಂದರೆ ಹೂವು ಬೇಗ ಬರುತ್ತದೆ, ಲೆಕ್ಕ ಸರಳ. ಮರುಭೂಮಿಯಲ್ಲಿ ಗಡಿಯಾರ ಶುರುವಾಗುವುದು ಮಳೆ ಬಿದ್ದ ದಿನದಿಂದ. ಜೆರಿಯಾ ಸಾಮಾನ್ಯವಾಗಿ ಫೆಬ್ರವರಿಯಿಂದ ಮೇ ತನಕ ಹೂಬಿಡುತ್ತದೆ, ಬೇಸಿಗೆಯ ಮಳೆ ಸಿಕ್ಕರೆ ಅಕ್ಟೋಬರ್, ನವೆಂಬರ್‌ನಲ್ಲೂ ಬಿಡುತ್ತದೆ. ಈ ಎರಡು ಕಾಲಗಳ ಹಾಳೆಗಳನ್ನು ಕಲಸಿ ಸರಾಸರಿ ದಿನಾಂಕ ತೆಗೆದರೆ ಗಿಡ ಎಂದೂ ಹೂಬಿಡದ ತಿಂಗಳೊಂದು ಉತ್ತರವಾಗಿ ಬರಬಹುದು. ಆದ್ದರಿಂದ ಪ್ರತಿ ಹಾಳೆಯನ್ನೂ ಅದರ ಜಾಗದ ಹಿಂದಿನ ತಿಂಗಳುಗಳ ಮಳೆಯೊಂದಿಗೆ ಜೋಡಿಸಬೇಕು. 1895ರಿಂದ ಈಚಿನ ತಿಂಗಳುವಾರು ಮಳೆಯ ಅಂದಾಜು ಅಮೆರಿಕದ ಈ ಭಾಗದ ಪ್ರತಿ ಪ್ರದೇಶಕ್ಕೂ ಲಭ್ಯವಿದೆ, ಹಾಗಾಗಿ ಇದು ಆಗದ ಕೆಲಸವೇನಲ್ಲ. ಟುಮಾಮಾಕ್ ಬೆಟ್ಟದ ಎಣಿಕೆಯಿಂದ 2010ರಲ್ಲಿ ಹೊರಬಂದ ಒಂದು ಫಲಿತಾಂಶ ಇಲ್ಲಿ ಕಣ್ಣು ತೆರೆಸುವಂಥದ್ದು. ಆ ಜಾಗದ ಹವೆ ಬಿಸಿಯಾಗುತ್ತಿದೆ. ಆದರೆ ಮೊಳಕೆ ತರಿಸುವ ಮಳೆ ತಡವಾಗಿ, ಚಳಿ ಶುರುವಾದ ಮೇಲೆ ಬರುತ್ತಿರುವುದರಿಂದ ಚಳಿಯಲ್ಲಿ ಚೆನ್ನಾಗಿ ಬೆಳೆಯುವ ಜಾತಿಗಳು ಮೇಲುಗೈ ಪಡೆಯುತ್ತಿವೆ. ಸರಾಸರಿ ಉಷ್ಣತೆಯನ್ನು ಮಾತ್ರ ನೋಡಿದ್ದರೆ ಯಾರೂ ಇದನ್ನು ಊಹಿಸುತ್ತಿರಲಿಲ್ಲ.

ಚೀಟಿಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಸಾಲು ಎಂದರೆ ‘ಜೊತೆಯಲ್ಲಿದ್ದ ಗಿಡಗಳು’ ಎಂಬುದು. ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯಲ್ಲಿ 1927ರಲ್ಲಿ ಒಬ್ಬರು ಸಾಸಿವೆ ಜಾತಿಯ ಒಂದು ಹೊಸ ಗಿಡವನ್ನು ಒಣಗಿಸಿಟ್ಟರು. ಬ್ರಾಸಿಕಾ ಟೂರ್ನೆಫೋರ್ಟಿ, ಅಂದರೆ ಸಹಾರಾ ಸಾಸಿವೆ. ಖರ್ಜೂರದ ಸಸಿಗಳೊಂದಿಗೆ ಬಂದಿರಬೇಕೆಂಬ ಊಹೆಯಿದೆ. ಅದು ಅಲ್ಲಿಗೆ ಕಾಲಿಟ್ಟ ಕಾಲಕ್ಕೆ ಆ ಒಣ ಹಾಳೆಯೇ ಸಾಕ್ಷಿ. ಇವತ್ತು ಆ ಸಾಸಿವೆ ಮರಳು ಬಯಲುಗಳನ್ನೆಲ್ಲ ಆವರಿಸಿದೆ. ಬೇಗ ಮೊಳೆತು, ಬೇಗ ಬೆಳೆದು, ಜೆರಿಯಾ ಏಳುವ ಹೊತ್ತಿಗೆ ನೀರನ್ನೂ ಬೆಳಕನ್ನೂ ಕಸಿದುಕೊಂಡಿರುತ್ತದೆ. ಒಳ್ಳೆಯ ಮಳೆ ಬಂದರೂ ಹೂವು ತುಂಬದ ಬಯಲುಗಳಿವೆ ಎಂದರೆ ಒಂದು ಮುಖ್ಯ ಕಾರಣ ಇದು. ಜೆರಿಯಾದ ಹಳೆಯ ಚೀಟಿಗಳಲ್ಲಿ ಜೊತೆಗಾರರ ಪಟ್ಟಿಯಲ್ಲಿ ಈ ಹೆಸರು ಇರುವುದಿಲ್ಲ. ಯಾವ ಜಾಗದಲ್ಲಿ ಯಾವ ವರ್ಷದಿಂದ ಅದು ಪಟ್ಟಿಗೆ ಸೇರುತ್ತದೆ ಎಂದು ಹುಡುಕಿದರೆ ಆಕ್ರಮಣದ ದಾರಿ ಕಾಣುತ್ತದೆ. ಹಾಗಾಗಿ ಚೀಟಿ ಬರೆಯುವವರಲ್ಲಿ ನನ್ನ ಕಳಕಳಿಯ ವಿನಂತಿ: ಸುಂದರವಾದ ಗಿಡದ ಪಕ್ಕದ ಕಳೆಯ ಹೆಸರನ್ನೂ ಬರೆಯಿರಿ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಜಾಗದ ಅಕ್ಷಾಂಶ ರೇಖಾಂಶ ಫೋಟೋದಲ್ಲೇ ದಾಖಲಾಗುತ್ತದೆ, ಇನ್ನೂ ಗಿಡ ಕೀಳುವುದು ಯಾಕೆ? ನ್ಯಾಯವಾದ ಪ್ರಶ್ನೆ. ಜಾಗ, ದಿನಾಂಕ, ಹೂವಿದೆ ಎಂಬ ಸುದ್ದಿ, ಇಷ್ಟಕ್ಕೆ ಫೋಟೋ ಸಾಕು. ಎಷ್ಟೋ ಸಲ ಹಾಳೆಗಿಂತ ನಿಖರ ಕೂಡ. ಆದರೆ ಫೋಟೋದಲ್ಲಿ ತುಂಡು ಕತ್ತರಿಸಿ ಡಿಎನ್‌ಎ ತೆಗೆಯಲಾಗದು. ಎಲೆ ಉಸಿರಾಡುವ ಪುಟ್ಟ ರಂಧ್ರಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಲಾಗದು. ಇಂಗ್ಲೆಂಡಿನಲ್ಲಿ 1987ರಲ್ಲಿ ವಿಜ್ಞಾನಿಯೊಬ್ಬರು ಹರ್ಬೇರಿಯಂ ಎಲೆಗಳ ರಂಧ್ರಗಳನ್ನು ಎಣಿಸಿಯೇ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ರಂಧ್ರಗಳು ಕಡಿಮೆಯಾಗಿವೆ ಎಂದು ತೋರಿಸಿದರು. ಆ ಎಲೆಗಳನ್ನು ಒಣಗಿಸಿಟ್ಟವರಿಗೆ ಅಂಥದೊಂದು ಪ್ರಶ್ನೆ ಹುಟ್ಟುತ್ತದೆಂಬ ಕಲ್ಪನೆಯೂ ಇರಲಿಲ್ಲ. ನಮ್ಮ ಗಿಡದ ಉದಾಹರಣೆಯನ್ನೇ ಹೇಳುವುದಾದರೆ, ಜೆರಿಯಾ ಕೆಲವೊಮ್ಮೆ ಪಕ್ಕದ ಎನ್ಸೀಲಿಯಾ ಪೊದೆಯೊಂದಿಗೆ ಬೆರೆತು ಮಿಶ್ರತಳಿ ಹುಟ್ಟುತ್ತದೆ. 1967ರಲ್ಲಿ ಡೊನಾಲ್ಡ್ ಕೈಹೋಸ್ ಇದನ್ನು ಪ್ರಯೋಗಗಳ ಸಮೇತ ವರ್ಣಿಸಿದರು. ದೂರದಿಂದ ತೆಗೆದ ಫೋಟೋದಲ್ಲಿ ಹಳದಿ ಹೂ ಎಂದಷ್ಟೇ ಕಾಣುವ ಅಂಥ ಗಿಡವನ್ನು ಗುರುತಿಸಲು ಕಾಯಿಯ ಅಂಚಿನ ರೋಮವನ್ನು, ಪರಾಗವನ್ನು ಕೈಯಲ್ಲಿ ಹಿಡಿದು ನೋಡಬೇಕು.

ಇನ್ನೊಬ್ಬರು, ಇಷ್ಟೆಲ್ಲ ಹಾಳೆಗಳ ಚಿತ್ರ ಗಣಕಕ್ಕೆ ಬಂದ ಮೇಲೆ ಮೂಲ ಹಾಳೆಗಳನ್ನು ಇಟ್ಟುಕೊಳ್ಳುವ ಖರ್ಚು ಯಾಕೆ ಎಂದರು. ಈ ಯೋಚನೆ ಅವರೊಬ್ಬರದೇ ಅಲ್ಲ. 2024ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 8 ಲಕ್ಷಕ್ಕೂ ಹೆಚ್ಚು ಮಾದರಿಗಳಿರುವ ತನ್ನ ಹರ್ಬೇರಿಯಂ ಅನ್ನು ಮುಚ್ಚಿ ಸಂಗ್ರಹವನ್ನು ಬೇರೆಡೆಗೆ ಸಾಗಿಸುವುದಾಗಿ ಪ್ರಕಟಿಸಿದಾಗ ಜಗತ್ತಿನ ಸಸ್ಯವಿಜ್ಞಾನಿಗಳು ಪ್ರತಿಭಟಿಸಿದರು. ನಾನು ಅವರ ಪರ. ಗಣಕದ ಚಿತ್ರಗಳನ್ನು ನಾನು ದಿನವೂ ಬಳಸುತ್ತೇನೆ. ಕ್ಯಾಲಿಫೋರ್ನಿಯಾದ ಹರ್ಬೇರಿಯಂಗಳ ಒಕ್ಕೂಟದ್ದು, ಜಗತ್ತಿನ ಜೀವವೈವಿಧ್ಯದ ದಾಖಲೆಗಳನ್ನು ಒಂದೆಡೆ ಸೇರಿಸುವ ಜಿಬಿಐಎಫ್‌ನದ್ದು, ಎಲ್ಲವೂ ಯಾರು ಬೇಕಾದರೂ ತೆರೆದು ನೋಡಬಹುದಾದ ಭಂಡಾರಗಳು. ಆದರೆ ಆ ಚಿತ್ರದಲ್ಲಿ ಏನೋ ಅನುಮಾನ ಬಂದಾಗ, ಚೀಟಿಯ ಅಂಕಿ ಏಳೋ ಒಂದೋ ಎಂದು ಗೊತ್ತಾಗದಿದ್ದಾಗ, ಗುರುತಿಸಿದ ಹೆಸರೇ ತಪ್ಪೆನಿಸಿದಾಗ, ಯಾರೋ ಒಬ್ಬರು ಬೀರು ತೆಗೆದು ಲಕೋಟೆಯಲ್ಲಿರುವ ಕಾಯಿಯನ್ನು ನೋಡಿ ಹೇಳಬೇಕಾಗುತ್ತದೆ. ಆ ಬೀರು ಅಲ್ಲಿರಬೇಕು, ಅದನ್ನು ತೆಗೆಯಬಲ್ಲವರಿಗೆ ಸಂಬಳವೂ ಸಿಗಬೇಕು.